ಕ್ರಾಪು ಕೆಡದ ಕಾದಾಳಿ

ಎರಡು ಮಹಾಯುದ್ಧಗಳ ನಡುವಿನ ಕಾಲದಲ್ಲಿ ಹಗುರ ತೂಕದ ಬಾಕ್ಸಿಂಗನ್ನು ಬುದ್ಧಿಯ ಆಟವಾಗಿಸಿದವನು ನ್ಯೂಯಾರ್ಕಿನ ದರ್ಜಿಯೊಬ್ಬನ ಮಗ ಬೆನ್ನಿ ಲಿಯೊನಾರ್ಡ್. ಅವನ ಕೈಚಳಕದ ಬಗ್ಗೆ ಎಲ್ಲರೂ ಬರೆದಿದ್ದಾರೆ. ಬಿದ್ದಾಗ ಅವನು ಏನು ಮಾಡುತ್ತಿದ್ದ ಎಂಬುದು ಅದಕ್ಕಿಂತ ದೊಡ್ಡ ಕಥೆ.

1921ರ ಜನವರಿ 14ರ ರಾತ್ರಿ. ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್ ಕಿಕ್ಕಿರಿದಿತ್ತು. ಬಾಕ್ಸಿಂಗ್ ಎಂದರೆ ಮೂಗು ಮುರಿಯುತ್ತಿದ್ದ ಸಿರಿವಂತ ಮನೆತನಗಳ ಹೆಂಗಸರೂ ಅಂದು ರಿಂಗಿನ ಪಕ್ಕ ಕುಳಿತಿದ್ದರು. ಮೊದಲ ಮಹಾಯುದ್ಧದಲ್ಲಿ ನೆಲಕಚ್ಚಿದ ಫ್ರಾನ್ಸಿನ ಊರುಗಳಿಗೆ ನೆರವು ಕೂಡಿಸಲು ಬ್ಯಾಂಕರ್ ಜೆ.ಪಿ. ಮಾರ್ಗನ್‌ನ ಮಗಳು ಆನ್ ಮಾರ್ಗನ್ ಮುಂದೆ ನಿಂತು ನಡೆಸಿದ ಸ್ಪರ್ಧೆ ಅದು. ಒಂದು ಮೂಲೆಯಲ್ಲಿ ಲೈಟ್‌ವೇಟ್ ವಿಶ್ವ ಚಾಂಪಿಯನ್ ಬೆನ್ನಿ ಲಿಯೊನಾರ್ಡ್, 24 ವರ್ಷದವನು. ಇನ್ನೊಂದು ಮೂಲೆಯಲ್ಲಿ ಮಿಲ್ವಾಕಿಯ ರಿಚಿ ಮಿಚೆಲ್.

ಗಂಟೆ ಬಾರಿಸಿದ್ದೇ ತಡ, ಲಿಯೊನಾರ್ಡ್ ಮುನ್ನುಗ್ಗಿದ. ಮೊದಲ ಸುತ್ತಿನಲ್ಲೇ ಮಿಚೆಲ್ ಮೂರು ಸಲ ನೆಲಕ್ಕೆ ಬಿದ್ದು ಮೂರು ಸಲವೂ ಎದ್ದ. ಇನ್ನು ಮುಗಿದೇ ಹೋಯಿತು ಎಂದು ಜನ ಟೋಪಿ ಕೋಟು ಎತ್ತಿಕೊಳ್ಳುವ ಹೊತ್ತಿಗೆ ಆಟ ತಿರುವುಮುರುವಾಯಿತು. ಮೂರು ನಿಮಿಷದ ಸುತ್ತು ಇನ್ನೇನು ಮುಗಿಯಬೇಕು, ಮಿಚೆಲ್‌ನ ಏಟು ಬಿತ್ತು. ಚಾಂಪಿಯನ್ ನೆಲದ ಮೇಲಿದ್ದ.

ಎದ್ದಾಗ ಅವನ ಕಾಲುಗಳು ಅವನ ಮಾತು ಕೇಳುವ ಸ್ಥಿತಿಯಲ್ಲಿರಲಿಲ್ಲ. ಅಂಥ ಹೊತ್ತಿನಲ್ಲಿ ಬಾಕ್ಸರ್‌ಗಳು ಸಾಮಾನ್ಯವಾಗಿ ಹಿಂದೆ ಸರಿಯುತ್ತಾರೆ, ಇಲ್ಲವೇ ಎದುರಾಳಿಯನ್ನು ತಬ್ಬಿ ಹಿಡಿದು ಸಮಯ ಕಳೆಯುತ್ತಾರೆ. ಲಿಯೊನಾರ್ಡ್ ಕೈ ಬೀಸಿ ಮಿಚೆಲ್‌ನನ್ನು ಕರೆದ. ಬಾ, ಇನ್ನೂ ಹತ್ತಿರ ಬಾ ಎನ್ನುವ ಸನ್ನೆ ಅದು. ಮಿಚೆಲ್‌ಗೆ ಅನುಮಾನ ಬಂತು. ನಿಜಕ್ಕೂ ಪೆಟ್ಟಾಗಿದೆಯೋ, ಇದೂ ಒಂದು ಬಲೆಯೋ? ಆ ಅನುಮಾನದಲ್ಲಿ ಕೆಲವು ಕ್ಷಣ ಕಳೆದವು, ಗಂಟೆ ಬಾರಿಸಿತು. ಆರನೇ ಸುತ್ತಿನಲ್ಲಿ ಮಿಚೆಲ್ ಸೋತ.

ಲಿಯೊನಾರ್ಡ್‌ನ ಇಡೀ ಬದುಕು ಆ ಕೈಸನ್ನೆಯಲ್ಲಿ ಅಡಗಿದೆ ಎಂದು ನನಗೆ ಅನ್ನಿಸುತ್ತದೆ. ಬಾಕ್ಸಿಂಗ್ ಎಂದರೆ ಹೊಡೆಯುವ ಆಟ ಎಂದು ದೂರದಿಂದ ನೋಡುವವರು ತಿಳಿಯುತ್ತಾರೆ. ಒಳಗಿರುವವರಿಗೆ ಅದು ಮುಚ್ಚಿಡುವ ಆಟ. ಮುಂದಿನ ಏಟು ಎಲ್ಲಿಂದ ಬರುತ್ತದೆ ಎಂಬುದನ್ನು ಮುಚ್ಚಿಡಬೇಕು, ದಣಿವನ್ನು ಮುಚ್ಚಿಡಬೇಕು, ಎಲ್ಲಕ್ಕಿಂತ ಮಿಗಿಲಾಗಿ ನೋವನ್ನು ಮುಚ್ಚಿಡಬೇಕು. ಈ ವಿದ್ಯೆಯಲ್ಲಿ ಅವನಿಗೆ ಸಮನಾದವರು ಆ ಕಾಲದಲ್ಲಿ ಇರಲಿಲ್ಲ. ಅದನ್ನು ಅವನು ಕಲಿತದ್ದು ಜಿಮ್‌ಗೆ ಕಾಲಿಡುವ ಮೊದಲೇ, ತನ್ನ ಬೀದಿಯಲ್ಲಿ, ತನ್ನ ಮನೆಯಲ್ಲಿ.

ದರ್ಜಿಯ ಮನೆಯ ಗುಟ್ಟು

ಅವನ ಹುಟ್ಟುಹೆಸರು ಬೆಂಜಮಿನ್ ಲೈನರ್. 1896ರ ಏಪ್ರಿಲ್ 7ರಂದು ನ್ಯೂಯಾರ್ಕಿನ ಲೋವರ್ ಈಸ್ಟ್ ಸೈಡ್‌ನಲ್ಲಿ ಹುಟ್ಟಿದ. ರಷ್ಯಾದ ಚಕ್ರಾಧಿಪತ್ಯದಿಂದ ವಲಸೆ ಬಂದ ಯಹೂದಿ ಕುಟುಂಬಗಳು ಒಂದರ ಮೇಲೊಂದು ಪೇರಿಸಿಟ್ಟಂತಿದ್ದ ವಠಾರಗಳಲ್ಲಿ ತುಂಬಿಕೊಂಡಿದ್ದ ಪ್ರದೇಶ ಅದು. ಬೀದಿಯಲ್ಲಿ ತಳ್ಳುಗಾಡಿಗಳ ಸಾಲು, ಕಿವಿಗೆ ಬೀಳುವುದೆಲ್ಲ ಯಿಡ್ಡಿಷ್ ಮಾತು. ಅಪ್ಪ ಸಿದ್ಧ ಉಡುಪಿನ ಕಾರ್ಖಾನೆಯಲ್ಲಿ ಬೆಳಗಿನಿಂದ ರಾತ್ರಿಯವರೆಗೆ ಬೆನ್ನು ಬಗ್ಗಿಸಿ ಬಟ್ಟೆ ಹೊಲಿಯುತ್ತಿದ್ದ. ಮನೆ ತುಂಬ ಮಕ್ಕಳು. ಸಬ್ಬತ್ ದಿನದ ಕಟ್ಟಳೆಗಳನ್ನು ತಪ್ಪದೆ ಪಾಲಿಸುವ ಸಂಪ್ರದಾಯಸ್ಥ ಕುಟುಂಬ.

ಆ ಕೇರಿಯ ಒಂದು ಅಂಚಿನಾಚೆ ಐರಿಷ್ ಹುಡುಗರು, ಇನ್ನೊಂದು ಅಂಚಿನಾಚೆ ಇಟಾಲಿಯನ್ ಹುಡುಗರು. ವಠಾರದ ಮನೆಗಳಲ್ಲಿ ಬಚ್ಚಲು ಇರಲಿಲ್ಲ, ಸ್ನಾನಕ್ಕೆ ಸಾರ್ವಜನಿಕ ಸ್ನಾನದ ಮನೆಗೆ ಹೋಗಬೇಕು. ಅಲ್ಲಿಗೆ ಹೋಗಿಬರುವ ದಾರಿಯಲ್ಲಿ ಜಗಳ ಕಟ್ಟಿಟ್ಟ ಬುತ್ತಿ. ಹೆದರಿದವನನ್ನು ಬೀದಿ ಬಿಡುವುದಿಲ್ಲ ಎಂಬ ಪಾಠವನ್ನು ಹುಡುಗ ಬೆನ್ನಿ ಅಲ್ಲೇ ಕಲಿತ. ಹೆದರಿಕೆ ಇಲ್ಲದಿರುವುದು ಯಾರ ಕೈಯಲ್ಲೂ ಇಲ್ಲ. ಹೆದರಿಕೆಯನ್ನು ತೋರಿಸದಿರುವುದು ಮಾತ್ರ ನಮ್ಮ ಕೈಯಲ್ಲಿದೆ.

1911ರಲ್ಲಿ, ಹದಿನೈದರ ಪ್ರಾಯದಲ್ಲಿ, ಹಣಕ್ಕಾಗಿ ಮೊದಲ ಸಲ ರಿಂಗಿಗೆ ಇಳಿದ. ಮೂಗಿನಲ್ಲಿ ರಕ್ತ ಸುರಿದು ಆ ಸ್ಪರ್ಧೆ ಸೋತ. ಮನೆಯಲ್ಲಿ ಈ ಸುದ್ದಿ ಗೊತ್ತಾಗುವಂತಿರಲಿಲ್ಲ. ಓದಿನ ಮನೆತನದ ಹುಡುಗ ಹೊಡೆದಾಟಕ್ಕೆ ಇಳಿಯುವುದೆಂದರೆ ಅಮ್ಮನ ಕಣ್ಣಲ್ಲಿ ಪಾಪ. ಹಾಗಾಗಿ ಲೈನರ್ ಎಂಬ ಮನೆತನದ ಹೆಸರು ಬದಿಗೆ ಸರಿದು, ಪೋಸ್ಟರುಗಳ ಮೇಲೆ ಲಿಯೊನಾರ್ಡ್ ಎಂಬ ಹೆಸರು ಬಂತು.

ಗುಟ್ಟು ಬಯಲಾದ ಬಗೆಯನ್ನು ಬಾಕ್ಸಿಂಗ್ ಲೋಕ ಇಂದಿಗೂ ಹೇಳಿಕೊಳ್ಳುತ್ತದೆ. ಒಂದು ರಾತ್ರಿ ಹುಡುಗ ಊದಿಕೊಂಡ ಕಣ್ಣಿನೊಂದಿಗೆ ಮನೆಗೆ ಬಂದ. ಅಮ್ಮ ಅಳತೊಡಗಿದಳು, ಅಪ್ಪ ರೇಗಿದ. ಹುಡುಗ ಜೇಬಿನಿಂದ ಆ ರಾತ್ರಿಯ ಸಂಪಾದನೆ ತೆಗೆದು ಮೇಜಿನ ಮೇಲಿಟ್ಟ. ಅಪ್ಪನ ವಾರದ ದುಡಿಮೆಗೆ ಸರಿಸಮವಾದ ದುಡ್ಡು ಅದು. ಅಪ್ಪ ಸುಮ್ಮನೆ ಅದನ್ನು ನೋಡಿ, ಮುಂದಿನ ಸ್ಪರ್ಧೆ ಯಾವಾಗ ಎಂದು ಕೇಳಿದನಂತೆ. ಕೇಳಿದವರು ನಗುತ್ತಾರೆ. ನನಗೆ ಆ ಕಥೆಯಲ್ಲಿ ಕಾಣುವುದು ಹೊಲಿಗೆ ಯಂತ್ರದ ಮುಂದೆ ಬಾಗಿ ಬಾಗಿ ನೊಂದ ಬೆನ್ನು.

ಅಮ್ಮ ಮಾತ್ರ ಒಪ್ಪಲಿಲ್ಲ, ಸಹಿಸಿಕೊಂಡಳು. ಲಿಯೊನಾರ್ಡ್ ಎಣ್ಣೆ ಹಚ್ಚಿ ನೀಟಾಗಿ ಹಿಂದಕ್ಕೆ ಬಾಚಿದ ಕ್ರಾಪಿನಲ್ಲಿ ರಿಂಗಿಗೆ ಇಳಿಯುತ್ತಿದ್ದ. ಸ್ಪರ್ಧೆ ಮುಗಿದ ಮೇಲೂ ತನ್ನ ಒಂದು ಕೂದಲೂ ಕೆದರಿಲ್ಲ ಎಂದು ಹೇಳಿಕೊಳ್ಳುವುದು ಅವನ ಹೆಮ್ಮೆ. ಅವನ ಕ್ರಾಪು ಕೆಡಿಸಿದರೆ ಸಾಕು, ಎದುರಾಳಿಗೆ ಅದೇ ಒಂದು ಗೆಲುವು ಎಂಬ ಮಾತು ಹುಟ್ಟಿಕೊಂಡಿತು. ಪತ್ರಿಕೆಗಳು ಅದನ್ನು ಅವನ ಷೋಕಿ ಎಂದು ಬರೆದವು. ರಾತ್ರಿ ಮನೆಗೆ ಮರಳುವ ಮಗನ ಮುಖವನ್ನು ಅಮ್ಮ ಮೊದಲು ಹುಡುಕುತ್ತಾಳೆ ಎಂಬುದನ್ನು ನೆನೆದಾಗ ಆ ಕ್ರಾಪಿಗೆ ಬೇರೆಯೇ ಅರ್ಥ ಬರುತ್ತದೆ.

61 ಕಿಲೊದ ಗೆರೆ

ಲೈಟ್‌ವೇಟ್ ಎಂದರೆ 135 ಪೌಂಡ್, ಅಂದರೆ ಸುಮಾರು 61 ಕಿಲೊ. ಸ್ಪರ್ಧೆಗೆ ಮುನ್ನ ತಕ್ಕಡಿಯ ಮುಳ್ಳು ಆ ಗೆರೆ ದಾಟಬಾರದು. ಆಗಿನ ಲೆಕ್ಕದಲ್ಲಿ ಅದರ ಮೇಲಿನ ಮುಖ್ಯ ವಿಭಾಗ ವೆಲ್ಟರ್‌ವೇಟ್, 147 ಪೌಂಡ್. ಹೆವಿವೇಟ್‌ಗೆ ಮಾತ್ರ ಮೇಲ್ಮಿತಿ ಇಲ್ಲ.

ಹೆವಿವೇಟ್ ಬಾಕ್ಸರ್ ಒಂದೇ ಏಟಿನಲ್ಲಿ ಆಟ ಮುಗಿಸಬಲ್ಲ. ಹಾಗಾಗಿ ಅವನು ಹತ್ತು ತಪ್ಪು ಮಾಡಿಯೂ ಗೆಲ್ಲಬಹುದು. ತೀರ ಹಗುರ ತೂಕದವರಲ್ಲಿ ವೇಗ ಹೆಚ್ಚು, ಏಟಿನ ಭಾರ ಕಡಿಮೆ. ಲೈಟ್‌ವೇಟ್ ಇವೆರಡರ ನಡುವಿನ ಹದ. ಕಣ್ಣು ಮಿಟುಕಿಸುವಷ್ಟರಲ್ಲಿ ಮೂರು ಏಟು ಹಾಕುವ ವೇಗವೂ ಇರುತ್ತದೆ, ಅದರಲ್ಲಿ ಒಂದು ದವಡೆಗೆ ಸರಿಯಾಗಿ ಬಿದ್ದರೆ ಎದುರಾಳಿಯನ್ನು ಮಲಗಿಸುವ ಬಲವೂ ಇರುತ್ತದೆ. ಈ ವಿಭಾಗದಲ್ಲಿ ಒರಟುತನವೊಂದರಿಂದ ಬಹಳ ಕಾಲ ಬಾಳಲು ಆಗುವುದಿಲ್ಲ. ಹಾಗಾಗಿಯೇ ಬಾಕ್ಸಿಂಗ್ ಬಲ್ಲವರು ಈ ತೂಕದ ಸ್ಪರ್ಧೆಗಳನ್ನು ಇಷ್ಟಪಟ್ಟು ನೋಡುತ್ತಾರೆ.

ಆ ವಿಭಾಗಕ್ಕೆ ಹುಡುಗರನ್ನು ಒದಗಿಸುತ್ತಿದ್ದುದು ಬಡತನ. ವಲಸೆ ಕೇರಿಗಳಲ್ಲಿ ಅರೆಹೊಟ್ಟೆ ಉಂಡು ಬೆಳೆದ ಯಹೂದಿ, ಇಟಾಲಿಯನ್, ಐರಿಷ್ ಮಕ್ಕಳು ಆಳೆತ್ತರಕ್ಕೆ ಬೆಳೆಯಲಿಲ್ಲ. ಐದಡಿ ಐದಂಗುಲದ ಲಿಯೊನಾರ್ಡ್ ಕೂಡ ಅವರಲ್ಲೊಬ್ಬ. ಬೇರೆ ಕ್ರೀಡೆಗಳಲ್ಲಿ ಸಣ್ಣ ಆಳಿಗೆ ಜಾಗ ಸಿಗುವುದು ಕಷ್ಟ. ಬಾಕ್ಸಿಂಗ್ ಮಾತ್ರ ತಕ್ಕಡಿ ಇಟ್ಟು, ನಿನ್ನಷ್ಟೇ ತೂಕದವನ ಜೊತೆ ನಿನ್ನ ಯೋಗ್ಯತೆ ತೋರಿಸು ಎನ್ನುತ್ತಿತ್ತು. ಸಣ್ಣ ಮೈಯವರಿಗೆ ಅಷ್ಟು ನ್ಯಾಯವಾದ ಅವಕಾಶ ಇನ್ನೆಲ್ಲಿ ಸಿಕ್ಕೀತು?

ಆ ತಕ್ಕಡಿಗೆ ಇನ್ನೊಂದು ಮುಖವೂ ಇದೆ. ವಯಸ್ಸು ಏರಿದಂತೆ ಮೈ ತುಂಬಿಕೊಳ್ಳುತ್ತದೆ, ಗೆರೆ ಮಾತ್ರ ಅಲ್ಲೇ ನಿಂತಿರುತ್ತದೆ. ಆಗಿನ ಪದ್ಧತಿಯಲ್ಲಿ ತೂಕ ಹಾಕುತ್ತಿದ್ದುದು ಸ್ಪರ್ಧೆಯ ದಿನವೇ. ಊಟ ಬಿಟ್ಟು, ನೀರು ಬಿಟ್ಟು, ಬೆವರು ಸುರಿಸಿ ಮಧ್ಯಾಹ್ನ ತಕ್ಕಡಿ ಹತ್ತಿದವನು ರಾತ್ರಿ 15 ಸುತ್ತು ಹೋರಾಡಬೇಕು. ಲಿಯೊನಾರ್ಡ್‌ನ ಕೊನೆಯ ಚಾಂಪಿಯನ್ ವರ್ಷಗಳಲ್ಲಿ ಅವನ ಅತಿ ಕಠಿಣ ಎದುರಾಳಿ ಈ ತಕ್ಕಡಿಯೇ ಆಗಿತ್ತು.

ತೀರ್ಪಿಲ್ಲದ ಹೋರಾಟಗಳು

ಲಿಯೊನಾರ್ಡ್ ಚಾಂಪಿಯನ್ ಆದ ಬಗೆ ಅರ್ಥವಾಗಬೇಕಾದರೆ ಆ ಕಾಲದ ಒಂದು ವಿಚಿತ್ರ ಕಾನೂನು ತಿಳಿದಿರಬೇಕು. 1911ರಲ್ಲಿ ನ್ಯೂಯಾರ್ಕ್ ರಾಜ್ಯ ಫ್ರಾಲಿ ಕಾಯ್ದೆ ತಂದಿತು. ಬಾಕ್ಸಿಂಗ್ ನಡೆಸಬಹುದು, ಆದರೆ 10 ಸುತ್ತಿಗಿಂತ ಹೆಚ್ಚು ಇರಬಾರದು. ಕೊನೆಯಲ್ಲಿ ರೆಫರಿ ಯಾರ ಕೈಯನ್ನೂ ಎತ್ತಿ ಗೆದ್ದನೆಂದು ಸಾರುವಂತಿಲ್ಲ. ತೀರ್ಪು ಇದ್ದರೆ ಬಾಜಿ ಕಟ್ಟುತ್ತಾರೆ, ಮೋಸ ನಡೆಯುತ್ತದೆ ಎಂಬುದು ಕಾನೂನು ಮಾಡಿದವರ ಲೆಕ್ಕ.

ಬಾಜಿ ನಿಲ್ಲಲಿಲ್ಲ. ರಿಂಗಿನ ಪಕ್ಕ ಕುಳಿತ ಪತ್ರಕರ್ತರು ಮರುದಿನ ತಮ್ಮ ತಮ್ಮ ಪತ್ರಿಕೆಯಲ್ಲಿ ಯಾರು ಮೇಲುಗೈ ಎಂದು ಬರೆಯುತ್ತಿದ್ದರು, ಜನ ಅದನ್ನೇ ತೀರ್ಪೆಂದು ಒಪ್ಪಿ ದುಡ್ಡು ಚುಕ್ತಾ ಮಾಡಿಕೊಳ್ಳುತ್ತಿದ್ದರು. ಒಂದೇ ಸ್ಪರ್ಧೆಗೆ ಒಂದು ಪತ್ರಿಕೆಯಲ್ಲಿ ಒಬ್ಬ, ಇನ್ನೊಂದರಲ್ಲಿ ಮತ್ತೊಬ್ಬ ಗೆದ್ದಿರುವುದೂ ಉಂಟು. ಲಿಯೊನಾರ್ಡ್ ಆಡಿದ 200ಕ್ಕೂ ಹೆಚ್ಚು ಸ್ಪರ್ಧೆಗಳ ಸೋಲುಗೆಲುವಿನ ಲೆಕ್ಕ ಪುಸ್ತಕದಿಂದ ಪುಸ್ತಕಕ್ಕೆ ಬೇರೆಯಾಗಿರುವುದು ಇದೇ ಕಾರಣಕ್ಕೆ.

ಈ ಪದ್ಧತಿಯಿಂದ ಚಾಂಪಿಯನ್ನರಿಗೆ ದೊಡ್ಡ ರಕ್ಷಣೆ ಸಿಕ್ಕಿತು. ತೀರ್ಪೇ ಇಲ್ಲದ ಮೇಲೆ ಪಟ್ಟ ಕಳೆದುಕೊಳ್ಳುವುದು ನಾಕೌಟ್ ಆದರೆ ಇಲ್ಲವೇ ರೆಫರಿ ಆಟ ನಿಲ್ಲಿಸಿದರೆ ಮಾತ್ರ. ಹತ್ತು ಸುತ್ತು ಕಾಲ ಮೇಲೆ ನಿಂತಿದ್ದರೆ ಸಾಕು, ಎಷ್ಟೇ ಏಟು ತಿಂದಿದ್ದರೂ ಪಟ್ಟ ಉಳಿಯುತ್ತಿತ್ತು. 1914ರಲ್ಲಿ ಲಂಡನ್ನಿನಲ್ಲಿ ಪಟ್ಟ ಗೆದ್ದ ವೇಲ್ಸ್‌ನ ಫ್ರೆಡ್ಡಿ ವೆಲ್ಷ್ ಈ ರಕ್ಷಣೆಯನ್ನು ಚೆನ್ನಾಗಿ ಬಲ್ಲವನು. ಏಟು ತಪ್ಪಿಸಿಕೊಳ್ಳುವುದರಲ್ಲಿ ಅವನು ಮಹಾ ನಿಪುಣ. 1916ರಲ್ಲಿ ಲಿಯೊನಾರ್ಡ್ ಅವನನ್ನು ಎರಡು ಸಲ ಎದುರಿಸಿದ. ಎರಡು ಸಲವೂ ವೆಲ್ಷ್ ಹತ್ತು ಸುತ್ತು ನಿಂತ, ಪಟ್ಟ ಅವನಲ್ಲೇ ಉಳಿಯಿತು.

ಮೂರನೆಯ ಭೇಟಿ 1917ರ ಮೇ 28ರಂದು, ಹಾರ್ಲೆಮ್‌ನ ಮ್ಯಾನ್‌ಹಟನ್ ಕ್ಯಾಸಿನೊದಲ್ಲಿ. ಎಂಟು ಸುತ್ತು ಕಳೆದವು. ಇನ್ನೆರಡು ಸುತ್ತು ನಿಂತರೆ ವೆಲ್ಷ್‌ನ ಪಟ್ಟ ಭದ್ರ. ಒಂಬತ್ತನೇ ಸುತ್ತಿನಲ್ಲಿ ಲಿಯೊನಾರ್ಡ್‌ನ ಬಲಗೈ ಕೊನೆಗೂ ಆ ಕೋಟೆಯಲ್ಲಿ ಬಿರುಕು ಹುಡುಕಿತು. ವೆಲ್ಷ್ ಮೂರು ಸಲ ಬಿದ್ದ. ಮೂರನೆಯ ಸಲ ಹಗ್ಗಕ್ಕೆ ಜೋತುಬಿದ್ದು, ಏಟು ತಡೆಯಲು ಕೈಯೆತ್ತುವ ಶಕ್ತಿಯೂ ಇಲ್ಲದೆ ನಿಂತಾಗ ರೆಫರಿ ಆಟ ನಿಲ್ಲಿಸಿದ. ಇಪ್ಪತ್ತೊಂದು ವರ್ಷದ ದರ್ಜಿಯ ಮಗ ಲೈಟ್‌ವೇಟ್ ವಿಶ್ವ ಚಾಂಪಿಯನ್ ಆದ. ಎರಡು ತಿಂಗಳೊಳಗೆ ಫೆದರ್‌ವೇಟ್ ಚಾಂಪಿಯನ್ ಜಾನಿ ಕಿಲ್ಬೇನ್‌ನನ್ನೂ ಫಿಲಡೆಲ್ಫಿಯಾದಲ್ಲಿ ಮೂರೇ ಸುತ್ತಿನಲ್ಲಿ ಸೋಲಿಸಿದ.

ಆ ಹೊತ್ತಿಗೆ ಅಮೆರಿಕ ಮಹಾಯುದ್ಧಕ್ಕೆ ಇಳಿದಾಗಿತ್ತು. ಲಿಯೊನಾರ್ಡ್ ಸೇನಾ ಶಿಬಿರದಲ್ಲಿ ಸೈನಿಕರಿಗೆ ಬಾಕ್ಸಿಂಗ್ ಕಲಿಸುವ ಕೆಲಸಕ್ಕೆ ಹೋದ. ಬಂದೂಕಿನ ತುದಿಯ ಬಯೊನೆಟ್ ಹಿಡಿದು ಕಾದಾಡುವವನ ಕಾಲಿನ ನಡೆಗೂ ಬಾಕ್ಸರ್‌ನ ಕಾಲಿನ ನಡೆಗೂ ಹೋಲಿಕೆ ಇದೆ ಎಂದು ಸೇನೆ ಕಂಡುಕೊಂಡಿತ್ತು. ಅದೇ ವರ್ಷ ನ್ಯೂಯಾರ್ಕಿನಲ್ಲಿ ಫ್ರಾಲಿ ಕಾಯ್ದೆ ರದ್ದಾಗಿ ಬಾಕ್ಸಿಂಗ್ ಸ್ಪರ್ಧೆಗಳೇ ನಿಂತವು. 1920ರಲ್ಲಿ ವಾಕರ್ ಕಾಯ್ದೆ ಬಂದ ಮೇಲೆ ಎಲ್ಲವೂ ಬದಲಾಯಿತು. 15 ಸುತ್ತು, ತೀರ್ಪುಗಾರರು, ಉಸ್ತುವಾರಿಗೆ ಆಯೋಗ. ಹೊಗೆ ತುಂಬಿದ ಕ್ಲಬ್ಬುಗಳಿಂದ ಬಾಕ್ಸಿಂಗ್ ದೊಡ್ಡ ಮೈದಾನಗಳಿಗೆ ಬಂತು. ಮಿಚೆಲ್ ಜೊತೆಗಿನ ಆ ರಾತ್ರಿ ಸಿರಿವಂತ ಹೆಂಗಸರು ರಿಂಗಿನ ಪಕ್ಕ ಕುಳಿತಿದ್ದರೆ ಅದಕ್ಕೆ ಈ ಹೊಸ ಕಾನೂನೂ ಕಾರಣ.

ಭುಜದ ಒಂದು ಸಣ್ಣ ಕದಲಿಕೆ

ಲಿಯೊನಾರ್ಡ್‌ನ ಆಟದಲ್ಲಿ ಅಂಥದ್ದೇನಿತ್ತು? ಹತ್ತಿರದಿಂದ ನೋಡೋಣ. ಎಡಗೈ ಮುಂದೆ, ಬಲಗೈ ಗಲ್ಲದ ಪಕ್ಕ, ಕಾಲುಗಳು ಹಗುರ. ಎದುರಾಳಿಯ ಕಣ್ಣು ಅವನ ಎಡ ಭುಜದ ಮೇಲಿದೆ, ಏಕೆಂದರೆ ಕೈಗಿಂತ ಮೊದಲು ಕದಲುವುದು ಭುಜ. ಲಿಯೊನಾರ್ಡ್ ಆ ಭುಜವನ್ನು ಒಂದಂಗುಲ ತಗ್ಗಿಸುತ್ತಾನೆ. ಏಟು ಬಂತೆಂದು ಎದುರಾಳಿ ಬಲಗೈ ಎತ್ತಿ ತಡೆಯಲು ಹೋಗುತ್ತಾನೆ. ಏಟು ಬರುವುದಿಲ್ಲ. ಎದುರಾಳಿಯ ಪಕ್ಕೆಲುಬು ಮಾತ್ರ ಈಗ ಬಯಲಾಗಿದೆ. ಅದನ್ನು ಲಿಯೊನಾರ್ಡ್ ನೋಡಿಕೊಂಡು ಸುಮ್ಮನಿರುತ್ತಾನೆ. ಎರಡನೆಯ ಸಲ ಮತ್ತೆ ಭುಜ ತಗ್ಗುತ್ತದೆ, ಮತ್ತೆ ಕೈ ಏರುತ್ತದೆ. ಮೂರನೆಯ ಸಲ ಭುಜ ತಗ್ಗಿದಾಗ ಎದುರಾಳಿ ಇದು ಹುಸಿ ಎಂದು ಸುಮ್ಮನಿರುತ್ತಾನೆ, ಆಗ ನಿಜವಾದ ಏಟು ನೇರ ಮುಖಕ್ಕೆ ಬೀಳುತ್ತದೆ.

ಹುಸಿ ಏಟು ಎಲ್ಲ ಬಾಕ್ಸರ್‌ಗಳೂ ಕಲಿಯುವ ಪಾಠವೇ. ಲಿಯೊನಾರ್ಡ್ ಅದನ್ನು ಪ್ರಶ್ನೆ ಕೇಳುವ ಉಪಾಯವಾಗಿ ಬಳಸಿದ. ಮೊದಲ ಒಂದೆರಡು ಸುತ್ತುಗಳಲ್ಲಿ ಎದುರಾಳಿ ಯಾವುದಕ್ಕೆ ಹೇಗೆ ಮೈ ಕೊಡುತ್ತಾನೆ ಎಂದು ಕೇಳಿ ತಿಳಿದು, ಉತ್ತರಗಳನ್ನು ನೆನಪಿಟ್ಟುಕೊಂಡು, ಆಮೇಲೆ ಅವುಗಳ ಮೇಲೆ ಆಟ ಕಟ್ಟುತ್ತಿದ್ದ. ಈ ಬುದ್ಧಿಯ ಮೇಲೆ ಜೊತೆಯವರಿಗೂ ನಂಬಿಕೆ ಇತ್ತು. 1922ರಲ್ಲಿ ಹ್ಯಾರಿ ಗ್ರೆಬ್‌ನಿಂದ ಚೆನ್ನಾಗಿ ಏಟು ತಿಂದು ಸೋತ ಜೀನ್ ಟನಿ, ತನಗಿಂತ ಎಷ್ಟೋ ಹಗುರನಾದ ಲಿಯೊನಾರ್ಡ್‌ನ ಬಳಿ ಸಲಹೆ ಕೇಳಿದ. ಓಡಾಡುವ ಗ್ರೆಬ್‌ನ ತಲೆಗೆ ಗುರಿ ಇಡಬೇಡ, ಪಕ್ಕೆಗೆ ಹೊಡೆ ಎಂಬುದು ಲಿಯೊನಾರ್ಡ್ ಕೊಟ್ಟ ದಾರಿ. ಮರುವರ್ಷ ಟನಿ ಗ್ರೆಬ್‌ನಿಂದ ಪಟ್ಟ ಮರಳಿ ಪಡೆದ. ಮುಂದೆ ಅದೇ ಟನಿ ಜಾಕ್ ಡೆಂಪ್ಸಿಯನ್ನು ಸೋಲಿಸಿ ಹೆವಿವೇಟ್ ಚಾಂಪಿಯನ್ ಆದ.

ಎದುರಾಳಿಯಿಂದ ಎಲ್ಲವನ್ನೂ ಮುಚ್ಚಿಟ್ಟ ಈ ಮನುಷ್ಯ ತಾನು ಯಾರೆಂಬುದನ್ನು ಮಾತ್ರ ಎಂದೂ ಮುಚ್ಚಿಡಲಿಲ್ಲ. ಯಹೂದ್ಯರನ್ನು ಅಂಜುಬುರುಕರೆಂದು ಹಂಗಿಸುವುದು ಮಾಮೂಲಾಗಿದ್ದ ಕಾಲದಲ್ಲಿ ಅವನ ಚಡ್ಡಿಯ ಮೇಲೆ ದಾವೀದನ ಆರು ಮೂಲೆಯ ನಕ್ಷತ್ರ ಇರುತ್ತಿತ್ತು. ಲೋವರ್ ಈಸ್ಟ್ ಸೈಡ್‌ನ ಹುಡುಗರಿಗೆ ಆ ನಕ್ಷತ್ರ ಎಷ್ಟು ದೊಡ್ಡದಾಗಿ ಕಂಡಿರಬೇಕು! ಅವನ ಹಿಂದೆಯೇ ಅಲ್ ಸಿಂಗರ್, ಬಾರ್ನಿ ರಾಸ್ ಮೊದಲಾದ ಯಹೂದಿ ಚಾಂಪಿಯನ್ನರು ಬಂದರು.

1922ರ ಒಂದು ಬೇಸಿಗೆ

ಅವನ ಬದುಕಿನ ಅತಿ ತೀವ್ರವಾದ ದಿನಗಳು 1922ರ ಜೂನ್, ಜುಲೈ ತಿಂಗಳುಗಳಲ್ಲಿವೆ. ಜೂನ್ 26ರಂದು ವೆಲ್ಟರ್‌ವೇಟ್ ಚಾಂಪಿಯನ್ ಜಾಕ್ ಬ್ರಿಟನ್ ಎದುರು, ಜುಲೈ 4ರಂದು ರಾಕಿ ಕಾನ್ಸಸ್ ಎದುರು, ಜುಲೈ 27ರಂದು ಲ್ಯೂ ಟೆಂಡ್ಲರ್ ಎದುರು. ಇಂದಿನ ಚಾಂಪಿಯನ್ ಒಂದು ವರ್ಷದಲ್ಲೂ ಆಡದಷ್ಟು ಸ್ಪರ್ಧೆಗಳನ್ನು ಅವನು ಒಂದು ತಿಂಗಳ ಆಸುಪಾಸಿನಲ್ಲಿ ಆಡಿದ.

ಬ್ರಿಟನ್ ಜೊತೆಗಿನ ಕಾಳಗ ಅವನ ಬಾಳಿನಲ್ಲಿ ಬಿಡಿಸಲಾಗದ ಗಂಟು. 13ನೇ ಸುತ್ತಿನಲ್ಲಿ ಹೊಟ್ಟೆಗೆ ಏಟು ಬಿದ್ದು ಬ್ರಿಟನ್ ಮಂಡಿಯೂರಿದ, ಸೊಂಟದ ಕೆಳಗೆ ಹೊಡೆದನೆಂದು ದೂರಿದ. ರೆಫರಿ ಆ ಕಡೆ ಗಮನ ಕೊಟ್ಟಿದ್ದಾಗ ಲಿಯೊನಾರ್ಡ್ ಓಡಿಬಂದು ಮಂಡಿಯೂರಿದ್ದವನಿಗೇ ಹೊಡೆದ. ಬಿದ್ದವನಿಗೆ ಹೊಡೆಯಬಾರದೆಂಬ ನಿಯಮ ನಿನ್ನೆ ಮೊನ್ನೆ ಗ್ಲೋವ್ಸ್ ತೊಟ್ಟ ಹುಡುಗನಿಗೂ ಗೊತ್ತು. ಅವನನ್ನು ಅನರ್ಹಗೊಳಿಸಿದರು, ಎರಡನೆಯ ಪಟ್ಟ ಕೈತಪ್ಪಿತು. ರಿಂಗಿನಲ್ಲಿ ಎಲ್ಲರಿಗಿಂತ ತಣ್ಣಗಿರುತ್ತಿದ್ದ ಲಿಯೊನಾರ್ಡ್ ಹೀಗೇಕೆ ಮಾಡಿದ? ಬೇಕೆಂದೇ ಸೋತ ಎಂದವರುಂಟು, ಕ್ಷಣದ ಕೋಪ ಎಂದವರುಂಟು. ಎಷ್ಟು ವರ್ಷ ಎಷ್ಟು ಗಟ್ಟಿಯಾಗಿ ಹಿಡಿದಿಟ್ಟುಕೊಂಡರೂ ಒಳಗಿನದು ಒಮ್ಮೆ ಹೊರಗೆ ಹಾರುತ್ತದೆ ಎಂದು ನಾನು ನಂಬುತ್ತೇನೆ.

ತಿಂಗಳು ಕಳೆದು ಟೆಂಡ್ಲರ್ ಸ್ಪರ್ಧೆ. ಜಾಗ ಜರ್ಸಿ ಸಿಟಿಯ ಬಾಯ್ಲ್ಸ್ ಥರ್ಟಿ ಏಕರ್ಸ್, ಹಿಂದಿನ ವರ್ಷ ಡೆಂಪ್ಸಿ ಮತ್ತು ಕಾರ್ಪೆಂಟಿಯರ್ ಸ್ಪರ್ಧೆಗೆಂದು ಕಟ್ಟಿದ ಮರದ ಬೃಹತ್ ಕ್ರೀಡಾಂಗಣ. ನೆರೆದವರು 60,000ದ ಆಸುಪಾಸು. ಟೆಂಡ್ಲರ್ ಫಿಲಡೆಲ್ಫಿಯಾದ ಬೀದಿಗಳಲ್ಲಿ ಪತ್ರಿಕೆ ಮಾರುತ್ತಿದ್ದ ಹುಡುಗ, ಎಡಚ. ಎಡಚರ ಏಟು ಬರುವ ಕೋನವೇ ಬೇರೆ. ಲಿಯೊನಾರ್ಡ್‌ನ ಲೆಕ್ಕಾಚಾರವೆಲ್ಲ ತಲೆಕೆಳಗಾಗಿ, ಮೊದಲ ಸುತ್ತುಗಳಲ್ಲಿ ಅವನು ಬಹಳ ಏಟು ತಿಂದ. ಎಂಟನೇ ಸುತ್ತಿನಲ್ಲಿ ಟೆಂಡ್ಲರ್‌ನ ಎಡಗೈ ಭಾರವಾಗಿ ಬಿತ್ತು, ಲಿಯೊನಾರ್ಡ್‌ನ ಮಂಡಿಗಳು ಮಡಚಿದವು. ಇನ್ನೊಂದು ಏಟು ಬಿದ್ದಿದ್ದರೆ ಪಟ್ಟ ಹೋಗುತ್ತಿತ್ತು.

ಆಗ ಲಿಯೊನಾರ್ಡ್ ಮಾತಾಡಿದ. ಏನೆಂದ ಎಂಬುದಕ್ಕೆ ಒಂದಕ್ಕಿಂತ ಹೆಚ್ಚು ಕಥೆಗಳಿವೆ. ಸೊಂಟದ ಕೆಳಗೆ ಹೊಡೆಯಬೇಡ ಎಂದು ಗದರಿದನೆಂಬುದು ಅವುಗಳಲ್ಲೊಂದು. ಮಾತು ಯಾವುದೇ ಇರಲಿ, ಟೆಂಡ್ಲರ್ ಅರೆಕ್ಷಣ ನಿಂತು ಕೇಳಿಸಿಕೊಂಡ. ಗೆಲುವು ಅಂಗೈಯಲ್ಲಿದ್ದಾಗ ಅವನು ಮಾಡಿದ ಒಂದೇ ತಪ್ಪು ಅದು. ಅಷ್ಟರಲ್ಲಿ ಲಿಯೊನಾರ್ಡ್‌ನ ತಲೆ ತಿಳಿಯಾಗಿ ಕಾಲು ನೆಲ ಕಂಡಿತ್ತು. 12 ಸುತ್ತು ಮುಗಿದವು. ನ್ಯೂಜೆರ್ಸಿಯಲ್ಲಿ ಆಗಲೂ ತೀರ್ಪು ಕೊಡುವ ಪದ್ಧತಿ ಇರಲಿಲ್ಲ, ಪಟ್ಟ ಉಳಿಯಿತು.

ಮಿಚೆಲ್‌ಗೆ ಕೈಸನ್ನೆ, ಟೆಂಡ್ಲರ್‌ಗೆ ಮಾತು. ಕೆಲವರು ಇದನ್ನು ಕಪಟ ಎನ್ನುತ್ತಾರೆ. ನನಗೆ ಇದರಲ್ಲಿ ದೊಡ್ಡ ಧೈರ್ಯ ಕಾಣುತ್ತದೆ. ಕಣ್ಣು ಕತ್ತಲಿಟ್ಟು, ಕಿವಿಯಲ್ಲಿ ಗುಂಯ್ ಎನ್ನುವಾಗ ಮೈ ಹೇಳುವುದು ಓಡು ಎಂದು. ಆ ಹೊತ್ತಿನಲ್ಲಿ ಯೋಚಿಸಿ, ಆ ಯೋಚನೆಯನ್ನು ನಂಬಿ, ನಿಂತಲ್ಲೇ ನಿಲ್ಲುವುದು ತೋಳ್ಬಲಕ್ಕಿಂತ ಅಪರೂಪದ ಗುಣ. ಒಂದು ವರ್ಷದ ಬಳಿಕ, 1923ರ ಜುಲೈಯಲ್ಲಿ, ಆಗಷ್ಟೇ ತೆರೆದಿದ್ದ ಯಾಂಕೀ ಸ್ಟೇಡಿಯಂನಲ್ಲಿ ಸುಮಾರು 58,000 ಜನರ ಎದುರು ಇಬ್ಬರೂ ಮತ್ತೆ ಸೇರಿದರು. ಟಿಕೆಟ್ ವಸೂಲಿ 4,50,000 ಡಾಲರ್ ದಾಟಿತು. ಈ ಸಲ ಮಾತು ಬೇಕಾಗಲಿಲ್ಲ. ಎಡಚನ ಏಟಿನ ಕೋನಗಳನ್ನೆಲ್ಲ ಓದಿಕೊಂಡು ಬಂದಿದ್ದ ಲಿಯೊನಾರ್ಡ್ 15 ಸುತ್ತೂ ಪಾಠ ಮಾಡಿದಂತೆ ಆಡಿದ, ತೀರ್ಪುಗಾರರು ಅವನನ್ನೇ ಗೆದ್ದನೆಂದರು.

ಅಮ್ಮನಿಗಾಗಿ

1925ರ ಜನವರಿಯಲ್ಲಿ ಲಿಯೊನಾರ್ಡ್ ನಿವೃತ್ತಿ ಘೋಷಿಸಿದ. ಅವನಿಗಿನ್ನೂ 28 ವರ್ಷ, ಪಟ್ಟವನ್ನು ಯಾರೂ ಕಿತ್ತುಕೊಂಡಿರಲಿಲ್ಲ. ಏಳೂವರೆ ವರ್ಷಗಳಿಗೂ ಹೆಚ್ಚು ಕಾಲ, ಲೈಟ್‌ವೇಟ್ ಇತಿಹಾಸದಲ್ಲೇ ಅತಿ ದೀರ್ಘವಾಗಿ, ಅವನು ಸತತ ಚಾಂಪಿಯನ್ ಆಗಿದ್ದ. ಕಾರಣ ಒಂದೇ: ಅಮ್ಮನ ಕೋರಿಕೆ. ಮಗ ರಿಂಗಿಗೆ ಇಳಿದ ಪ್ರತಿ ರಾತ್ರಿಯೂ ಜೀವ ಹಿಡಿದುಕೊಂಡಿದ್ದ ಆ ತಾಯಿ ಇನ್ನು ಸಾಕು ಎಂದಳು, ಮಗ ಮರುಮಾತಾಡದೆ ಒಪ್ಪಿದ. ತೂಕದ ಗೆರೆ ಮುಟ್ಟುವ ಹಿಂಸೆಯಿಂದಲೂ ಬಿಡುಗಡೆ ಸಿಕ್ಕಿತು.

ಹಣ ಸಾಕಷ್ಟಿತ್ತು. ನಾಟಕದ ರಂಗ ಹತ್ತಿದ, ವ್ಯವಹಾರಕ್ಕೆ ಕೈಹಾಕಿದ, ಐಸ್ ಹಾಕಿ ತಂಡದ ಒಡೆತನಕ್ಕೂ ಹೋದ. ಅವನು ಬಿಟ್ಟ ಪಟ್ಟ ಅಷ್ಟರಲ್ಲಿ ಕೈಯಿಂದ ಕೈಗೆ ಹಾಯುತ್ತಿತ್ತು. ಜಿಮ್ಮಿ ಗುಡ್‌ರಿಚ್, ರಾಕಿ ಕಾನ್ಸಸ್, ಸ್ಯಾಮಿ ಮ್ಯಾಂಡೆಲ್, ಅಲ್ ಸಿಂಗರ್. 1930ರ ಜುಲೈಯಲ್ಲಿ ಮೊದಲ ಸುತ್ತಿನಲ್ಲೇ ಪಟ್ಟ ಗೆದ್ದ ಸಿಂಗರ್, ಅದೇ ನವೆಂಬರ್‌ನಲ್ಲಿ ಮೊದಲ ಸುತ್ತಿನಲ್ಲೇ ಅದನ್ನು ಟೋನಿ ಕ್ಯಾನ್ಜೊನೆರಿಗೆ ಕಳೆದುಕೊಂಡ. ಲಿಯೊನಾರ್ಡ್ ಏಳೂವರೆ ವರ್ಷ ಹಿಡಿದಿಟ್ಟದ್ದು ಎಷ್ಟು ಜಾರುವ ವಸ್ತು ಎಂಬುದು ಆಗ ಜನರಿಗೆ ಅರಿವಾಯಿತು.

1929ರ ಅಕ್ಟೋಬರಿನಲ್ಲಿ ವಾಲ್ ಸ್ಟ್ರೀಟ್ ಕುಸಿಯಿತು. ನೂರಾರು ರಾತ್ರಿಗಳ ದುಡಿಮೆ ಕಾಗದದ ಮೇಲೆಯೇ ಕರಗಿಹೋಯಿತು. ಕ್ರಾಪು ಕೆಡದಂತೆ ರಿಂಗಿನಿಂದ ಹೊರಬಂದವನಿಗೆ ಅತಿ ಭಾರವಾದ ಏಟು ರಿಂಗಿನ ಹೊರಗೆ ಬಿತ್ತು. ಆ ಏಟು ಬರುವ ದಿಕ್ಕನ್ನು ಓದಲು ಯಾವ ಭುಜವೂ ಇರಲಿಲ್ಲ.

ಮುಚ್ಚಿಡಲಾಗದ ವಯಸ್ಸು

1931ರಲ್ಲಿ, 35ನೇ ವಯಸ್ಸಿನಲ್ಲಿ, ಅವನು ಮತ್ತೆ ಗ್ಲೋವ್ಸ್ ತೊಟ್ಟ. ಲೈಟ್‌ವೇಟ್ ಗೆರೆ ಈಗ ದೂರದ ಮಾತು, ವೆಲ್ಟರ್‌ವೇಟ್‌ನಲ್ಲೇ ಆಡಬೇಕಾಯಿತು. ಸೊಂಟದಲ್ಲಿ ಬೊಜ್ಜು ಬಂದಿತ್ತು. ಪತ್ರಿಕೆಗಳು ಹಾಡಿ ಹೊಗಳಿದ್ದ ಕೂದಲು ತೆಳುವಾಗಿತ್ತು. ಆಯ್ದ ಎದುರಾಳಿಗಳ ಮೇಲೆ ಒಂದು ವರ್ಷ ಒಂದೂ ಸೋಲಿಲ್ಲದೆ ಸಾಗಿದ. ತಲೆ ಹಳೆಯದೇ, ಭುಜದ ಆ ಕದಲಿಕೆಯೂ ಹಳೆಯದೇ. ಅದರ ಹಿಂದೆ ಬರಬೇಕಾದ ಕೈ ಮಾತ್ರ ತಡವಾಗಿ ಬರುತ್ತಿತ್ತು.

1932ರ ಅಕ್ಟೋಬರ್ 7ರಂದು ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ಅವನೆದುರು ನಿಂತವನು 24 ವರ್ಷದ ಜಿಮ್ಮಿ ಮೆಕ್‌ಲಾರ್ನಿನ್, ಐರ್ಲೆಂಡಿನಲ್ಲಿ ಹುಟ್ಟಿ ಕೆನಡಾದಲ್ಲಿ ಬೆಳೆದವನು, ಆ ತಲೆಮಾರಿನ ಅತಿ ಅಪಾಯಕಾರಿ ಬಾಕ್ಸರ್‌ಗಳಲ್ಲೊಬ್ಬ. ಎರಡನೇ ಸುತ್ತಿನಲ್ಲಿ ಲಿಯೊನಾರ್ಡ್ ಬಿದ್ದ, ಎದ್ದ. ಕಾಲು ಕದಲದಿದ್ದರೂ ಅದು ತಂತ್ರವಿರಬಹುದು ಎಂದು ಹಿಂದೊಮ್ಮೆ ಎದುರಾಳಿಗಳು ಅನುಮಾನಿಸುತ್ತಿದ್ದರು. ಮೆಕ್‌ಲಾರ್ನಿನ್‌ಗೆ ಅನುಮಾನ ಬರಲಿಲ್ಲ. ನೋವನ್ನು ಮುಚ್ಚಿಡಬಹುದು, ಹೆದರಿಕೆಯನ್ನು ಮುಚ್ಚಿಡಬಹುದು; ವಯಸ್ಸನ್ನು ಮುಚ್ಚಿಡುವ ವಿದ್ಯೆ ಲಿಯೊನಾರ್ಡ್‌ಗೂ ಗೊತ್ತಿರಲಿಲ್ಲ. ಆರನೇ ಸುತ್ತಿನಲ್ಲಿ ರೆಫರಿ ಆಟ ನಿಲ್ಲಿಸಿದ. ಅದೇ ಅವನ ಕೊನೆಯ ಸ್ಪರ್ಧೆ.

ಮುಂದೆ ಅವನೇ ರೆಫರಿಯಾದ. ಎರಡನೇ ಮಹಾಯುದ್ಧದಲ್ಲಿ ಅಮೆರಿಕದ ಮ್ಯಾರಿಟೈಮ್ ಸರ್ವಿಸ್‌ನಲ್ಲಿ ಲೆಫ್ಟಿನೆಂಟ್ ಕಮಾಂಡರ್ ಆಗಿ ಸೇವೆ ಸಲ್ಲಿಸಿ ಬಂದ ಮೇಲೂ ಆ ಕೆಲಸ ಬಿಡಲಿಲ್ಲ. ರೆಫರಿಯ ಕೆಲಸವೇನೆಂದು ಒಮ್ಮೆ ಯೋಚಿಸಿ. ಪೆಟ್ಟಾದ ಬಾಕ್ಸರ್ ತನಗೇನೂ ಆಗಿಲ್ಲವೆಂದು ತೋರಿಸಿಕೊಳ್ಳುತ್ತಾನೆ. ಅವನ ಕಣ್ಣನ್ನು, ಮಂಡಿಯನ್ನು ನೋಡಿ ನಿಜ ಎಷ್ಟೆಂದು ರೆಫರಿ ಕಂಡುಹಿಡಿಯಬೇಕು, ಜೀವಕ್ಕೆ ಕುತ್ತು ಬರುವ ಮೊದಲು ಆಟ ನಿಲ್ಲಿಸಬೇಕು. ತಾನು ಎರಡು ದಶಕ ಮುಚ್ಚಿಟ್ಟದ್ದನ್ನು ಎಳೆಯ ಹುಡುಗರ ಮುಖದಲ್ಲಿ ಓದುವ ಆ ಕೆಲಸಕ್ಕೆ ಅವನಿಗಿಂತ ತಕ್ಕವರು ಯಾರಿದ್ದರು?

1947ರ ಏಪ್ರಿಲ್ 18ರ ರಾತ್ರಿ ನ್ಯೂಯಾರ್ಕಿನ ಸೇಂಟ್ ನಿಕೊಲಸ್ ಅರೀನಾದಲ್ಲಿ ಅವನು ರೆಫರಿಯಾಗಿ ಒಂದರ ನಂತರ ಒಂದು ಸ್ಪರ್ಧೆ ನಡೆಸಿಕೊಟ್ಟ. ಕೊನೆಯದರ ಮೊದಲ ಸುತ್ತಿನಲ್ಲಿ, ಇಬ್ಬರು ಹುಡುಗರು ಎದುರೇ ಕಾದಾಡುತ್ತಿದ್ದಾಗ, ರಿಂಗಿನ ಕ್ಯಾನ್ವಾಸ್ ಮೇಲೆ ಕುಸಿದ. ಅವನಿಗೆ 51 ವರ್ಷ. ಅಲ್ಲೇ ಪ್ರಾಣ ಹೋಯಿತು. ಬಿದ್ದಾಗಲೆಲ್ಲ ಎದ್ದು, ಏನೂ ಆಗಿಲ್ಲವೆಂಬಂತೆ ಕೈ ಬೀಸಿ ಕರೆದವನು ಆ ಒಂದು ಸಲ ಏಳಲಿಲ್ಲ.

ದೊಡ್ಡ ಬಾಕ್ಸರ್‌ಗಳನ್ನು ಜನ ಅವರು ಕೊಟ್ಟ ಏಟುಗಳಿಂದ ನೆನೆಯುತ್ತಾರೆ. ಬೆನ್ನಿ ಲಿಯೊನಾರ್ಡ್‌ನನ್ನು ನಾನು ನೆನೆಯುವುದು ವಠಾರದ ಮೆಟ್ಟಿಲು ಹತ್ತುತ್ತಿರುವ ಹುಡುಗನಾಗಿ. ರಾತ್ರಿ ಬಹಳವಾಗಿದೆ, ಪಕ್ಕೆ ನೋಯುತ್ತಿದೆ, ಜೇಬಿನಲ್ಲಿ ಒಂದಿಷ್ಟು ಡಾಲರ್ ಇದೆ. ಬಾಗಿಲಿನಾಚೆ ಅಮ್ಮ ಎಚ್ಚರವಾಗಿದ್ದಾಳೆ. ಬಾಗಿಲು ತಟ್ಟುವ ಮೊದಲು ಅವನು ಕೈಯಿಂದ ಕ್ರಾಪು ಸರಿಮಾಡಿಕೊಳ್ಳುತ್ತಾನೆ.